ಒಂದು ಕ್ಯಾಸೆಟ್ಟಿಗೆ ಎರಡು ಸಿನಿಮಾ

6 ಜನವರಿ 2002, ಭಾನುವಾರ

ಖಾಲಿ ಕ್ಯಾಸೆಟ್ ತಂದುಕೊಡುವವನು ಪ್ರತಿ ವರ್ಷದಂತೆ ಈ ಸಲವೂ ಒಂದು ಡೈರಿ ಕೊಟ್ಟು ಹೋದ. "ಮುಂದಿನ ವರ್ಷ ಇರಲ್ಲ ಗುರು, ನಮ್ಮ ಲೈನೇ ಮುಗೀತು" ಅಂದ. ಹಿಂದೆ ಅವನು ಕೊಟ್ಟ ಡೈರಿಗಳಲ್ಲೆಲ್ಲ ನನ್ನ ಹೆಂಡತಿ ರೇವತಿ ರಂಗೋಲಿ ಬರೆದಿಟ್ಟುಕೊಂಡಿದ್ದಾಳೆ. ಇದೊಂದನ್ನು ನಾನೇ ಇಟ್ಟುಕೊಂಡೆ. ಅಂಗಡಿಯಲ್ಲಿ ಕೂತು ಮಾಡಲು ಬೇರೆ ಕೆಲಸವಿಲ್ಲ.

ಕಟ್ಟಡದ ಯಜಮಾನರು ಮಾರ್ಚ್ ಕೊನೆಗೆ ಜಾಗ ಬಿಡಿ ಎಂದಿದ್ದಾರೆ. ಮೊಬೈಲ್ ಅಂಗಡಿ ಬರುತ್ತದಂತೆ. ಹಲಸೂರಿನ ಈ ಬೀದಿಯಲ್ಲಿ ಒಂದು ಕಾಲಕ್ಕೆ ನಾಲ್ಕು ವಿಡಿಯೋ ಲೈಬ್ರರಿಗಳಿದ್ದವು. ಮೂವರು ಸಿ.ಡಿ.ಗೆ ಬದಲಾದರು. ನಾನು ಆಗಲಿಲ್ಲ. ಹಟದಿಂದಲ್ಲ, ಸೋಮಾರಿತನದಿಂದ.

ಭಾನುವಾರವಾದ್ದರಿಂದ ನನ್ನ ಹಳೆಯ ಗಿರಾಕಿಗಳು ಮೂವರೂ ಬಂದಿದ್ದರು. ವಾರವೆಲ್ಲ ಒಂದೊಂದು ಹಳೆಯ ಸಿನಿಮಾ ನೋಡುವುದು, ಭಾನುವಾರ ಮಧ್ಯಾಹ್ನ ನನ್ನ ಬೆಂಚಿನ ಮೇಲೆ ಕೂತು ಅದರ ಚರ್ಮ ಸುಲಿಯುವುದು, ಇದು ಅವರ ಪದ್ಧತಿ. ಬೆನ್ನಿಗಾನಹಳ್ಳಿಯ ಮುನಿನಾರಾಯಣಪ್ಪನವರು ಸಿನಿಮಾವನ್ನು ಎತ್ತಿನಿಂದ ಅಳೆಯುತ್ತಾರೆ. ಅವರ ಹೊಲಗಳ ಮೇಲೆ ಈಗ ಬಾಡಿಗೆ ಮನೆಗಳಿವೆ, ಆದರೆ ಕಣ್ಣು ಇನ್ನೂ ರೈತನದೇ. "ಈರೋ ನೇಗ್ಲು ಇಡ್ಕೊಂಡಿರೋದ್ ನೋಡ್ರಪ್ಪ, ಕೊಡೆ ಇಡ್ಕೊಂಡಂಗೆ ಇಡ್ಕೊಂಡವ್ನೆ. ಎತ್ತು ಪಾಪ ನಾಚ್ಕೊಂಡು ನಡೀತೈತೆ" ಅಂದರು. ಶಿವಾಜಿನಗರದ ಕಮರುನ್ನೀಸಾ ರವಿಕೆ ಹೊಲಿಯುವವರು, ಅವರ ಕಣ್ಣು ತೋಳಿನ ಮೇಲೆ. "ಗುಡಿಸಲು ಒಳಗೆ ಹೋಗುವಾಗ ಉದ್ದ ತೋಳು. ಹೊರಗೆ ಬರುವಾಗ ಬುಗ್ಗೆ ತೋಳು. ಒಳಗೆ ಏನು, ದರ್ಜಿ ಕೂತಿದ್ನಾ ಭಾಯ್?"

ಸುಭದ್ರಮ್ಮನವರು ನಗಲಿಲ್ಲ. ಅವರು ಮರ್ಫಿ ಟೌನಿನವರು, ಒಂದು ಕಾನ್ವೆಂಟಿನಲ್ಲಿ ಆಯಾ ಆಗಿದ್ದು ನಿವೃತ್ತಿಯಾದವರು, ಒಂಟಿ ಹೆಂಗಸು. ಸಿನಿಮಾದಲ್ಲಿ ಅವರು ನೋಡುವುದು ತಾಯಿಯನ್ನು ಮಾತ್ರ. "ಅಳೋದೊಂದು ಬಿಟ್ಟು ಬೇರೇನೂ ಕಲ್ತಿಲ್ಲ ಇವಳು. ತಾಯಿ ಅಂದ್ರೆ ಸೆರಗಲ್ಲಿ ಮೂಗೊರಸ್ಕೊಳ್ಳೋದಾ?" ಅಂದರು.

ನಾನು ಅಳೆಯುವುದು ನಿಮಿಷದಿಂದ. ಇವತ್ತಿನ ಸಿನಿಮಾದಲ್ಲಿ ಸಲೀಸಾಗಿ ಇಪ್ಪತ್ತು ನಿಮಿಷ ತೆಗೆಯಬಹುದಿತ್ತು. ನಾಲ್ಕು ಗಂಟೆಯ ಒಂದು ಕ್ಯಾಸೆಟ್ಟಿಗೆ ಎರಡು ಸಿನಿಮಾ ತುಂಬುವುದರಲ್ಲಿ ನನ್ನನ್ನು ಮೀರಿಸಿದವರು ಈ ಕಡೆ ಇರಲಿಲ್ಲ. ಎರಡು ವಿ.ಸಿ.ಆರ್. ಅಕ್ಕಪಕ್ಕ ಇಟ್ಟುಕೊಂಡು, ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಇಳಿಸಿಕೊಳ್ಳುವಾಗ, ಬೇಡದ ಕಡೆ ಗುಂಡಿ ಒತ್ತಿ ನಿಲ್ಲಿಸುವುದು. ನಾಯಕಿ ಕಿಟಕಿಯಲ್ಲಿ ನಿಂತು ಯೋಚಿಸುವುದು, ಮುದುಕರು ಮೆಟ್ಟಿಲು ಹತ್ತುವುದು, ಯಾರೋ ಯಾರಿಗೋ ಕಾಯುವುದು, ಎಲ್ಲ ಹೋಗುತ್ತಿತ್ತು. ಹೊಡೆದಾಟ, ಹಾಡು ಉಳಿಯುತ್ತಿದ್ದವು. ಒಂದರ ಬಾಡಿಗೆಗೆ ಎರಡು ನೋಡಿದ ಖುಷಿಯಲ್ಲಿ, ಏನು ಹೋಯಿತು ಎಂದು ಒಬ್ಬರೂ ಕೇಳಿದವರಲ್ಲ.

ಡೈರಿಯಲ್ಲೂ ಹಾಗೇ. ಬೇಡದ್ದು ಬರೆಯುವುದಿಲ್ಲ.

9 ಜನವರಿ

ಏನಿಲ್ಲ.

13 ಜನವರಿ, ಭಾನುವಾರ

ನಾಳೆ ಸಂಕ್ರಾಂತಿ. ಕಮರುನ್ನೀಸಾ ಕೈಯಲ್ಲಿ ಕೆಲಸ ತುಂಬಿದೆ, ಬರಲಿಲ್ಲ.

ಮುನಿನಾರಾಯಣಪ್ಪನವರ ಕಣ್ಣಿಗೆ ಅಟ್ಟದ ಮೇಲಿನ 'ನಾಗವೇಣಿಯ ತವರು' ಬಿತ್ತು. "ಅಯ್ಯೋ, ಇದು ಇಟ್ಟಿದ್ದೀಯೇನಪ್ಪ! ಎಪ್ಪತ್ಮೂರ್ನೇ ಇಸ್ವಿ, ಗಾಡಿ ಕಟ್ಕೊಂಡು ಬಂದು ಇದೇ ಅಲಸೂರಲ್ಲಿ ನೋಡಿದ್ದೆ" ಅಂದು ಎರಡು ಕೈಯಲ್ಲೂ ತೆಗೆದುಕೊಂಡರು.

ಸುಭದ್ರಮ್ಮನವರಿಗೆ ಅದು ಜೀವ. ವರ್ಷಕ್ಕೆ ಎರಡು ಸಲವಾದರೂ ಒಯ್ಯುತ್ತಾರೆ. ಮಗಳು ತಾಯಿಯ ಮಾತು ಮೀರಿ ಮದುವೆಯಾಗಿ ಹೋಗುತ್ತಾಳೆ, ವರ್ಷಗಳಾದ ಮೇಲೆ ಕೂಸು ಎತ್ತಿಕೊಂಡು ಬಂದು ತವರಿನ ಬಾಗಿಲು ತಟ್ಟುತ್ತಾಳೆ. ತಾಯಿ ತೆಗೆಯುವುದಿಲ್ಲ. ಮಗಳು ಮೆಟ್ಟಿಲಿಳಿದು ಹೋಗುತ್ತಾಳೆ. ಶುಭಂ.

"ಅವಳು ಹೆಂಗಸು" ಎಂದರು ಸುಭದ್ರಮ್ಮ. "ತೆಗೀಲಿಲ್ಲ ನೋಡಿ. ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ."

ಮುನಿನಾರಾಯಣಪ್ಪ ಹುಬ್ಬು ಗಂಟಿಕ್ಕಿದರು. ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡರು.

16 ಜನವರಿ, ಬುಧವಾರ

ಮುನಿನಾರಾಯಣಪ್ಪ ಬೆಳಿಗ್ಗೆಯೇ ಬಂದು ಕ್ಯಾಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದರು. "ಏನಪ್ಪ ಇದು, ಕೊನೆ ಎಲ್ಲಿ? ಔಳು ಬಾಗ್ಲು ತೆಗೀತಾಳೆ. ಮಗೂನ ಎತ್ಕೋತಾಳೆ. ಟಾಕೀಸಲ್ಲಿ ಗಂಡಸ್ರೆಲ್ಲ ಅತ್ತಿದ್ದೋ. ಅದೆಲ್ಲೋಯ್ತು?"

ಹಳೇ ಕ್ಯಾಸೆಟ್ಟು ಯಜಮಾನ್ರೆ, ಏನೋ ಆಗಿರಬೇಕು ಅಂದೆ.

ಇಲ್ಲಿ ಮಾತ್ರ ಬರೆಯುತ್ತೇನೆ. 1989ರಲ್ಲಿ ಅದನ್ನು ಇಳಿಸಿದವನು ನಾನೇ. ಮೊದಲಿಗೆ ಒಂದು ಪೊಲೀಸ್ ಸಿನಿಮಾ, ಅದರ ಹಿಂದೆ ಇದು. ಪೊಲೀಸ್ ಸಿನಿಮಾದ ಹೊಡೆದಾಟ ಕತ್ತರಿಸಲು ಮನಸ್ಸು ಬರದೆ ಪೂರ್ತಿ ಬಿಟ್ಟಿದ್ದೆ. ಕೊನೆಗೆ ನೋಡಿದರೆ ಸಿನಿಮಾ ಇನ್ನೂ ಆರು ನಿಮಿಷ ಇದೆ, ಟೇಪು ಒಂದು ನಿಮಿಷವೂ ಇಲ್ಲ. ಮಗಳು ತಟ್ಟುವಲ್ಲಿ ನಿಲ್ಲಿಸಿ, ಅವಳು ಮೆಟ್ಟಿಲಿಳಿಯುವ ತುಣುಕನ್ನೂ 'ಶುಭಂ' ಎಂಬ ಅಕ್ಷರವನ್ನೂ ಮಾತ್ರ ತಂದು ಅಂಟಿಸಿದೆ. ಜೋಡಣೆ ಎಷ್ಟು ಸೊಗಸಾಗಿ ಕೂತಿತೆಂದರೆ, ನಿರ್ದೇಶಕನಿಗಿಂತ ನಾನೇ ಚೆನ್ನಾಗಿ ಮುಗಿಸಿದೆ ಎಂದು ಅವತ್ತು ರೇವತಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

ಈಗಲೂ ಹಾಗೇ ಅನಿಸುತ್ತದೆ. ಬಾಗಿಲು ತೆಗೆದರೆ ಎಲ್ಲ ಸಿನಿಮಾದಂತೆ ಅದೂ ಒಂದು.

20 ಜನವರಿ, ಭಾನುವಾರ

ಜಗಳ. ಸಿನಿಮಾ ಜಗಳವೆಂದು ನಗುತ್ತಾ ಕೂತಿದ್ದೆ, ಅದು ನಗುವ ಮಟ್ಟ ದಾಟಿಹೋಯಿತು.

"ತೆಗೀತಾಳೆ ಕಣಮ್ಮ. ನನ್ ಕಣ್ಣಾರೆ ಕಂಡಿವ್ನಿ."

"ತೆಗೆಯಲ್ಲ. ಹನ್ನೆರಡು ವರ್ಷದಿಂದ ನೋಡ್ತಾ ಇದೀನಿ ನಾನು. ನಿಮಗೆ ವಯಸ್ಸಾಯ್ತು, ಬೇರೆ ಯಾವುದನ್ನೋ ಇದಕ್ಕೆ ಸೇರಿಸ್ಕೊಂಡಿದೀರಾ."

"ಅರೆ ಅಮ್ಮಾ, ಸಿನಿಮಾ ನೋಡಿ ಅಳಬೇಕು, ಜಗಳ ಯಾಕೆ?" ಎಂದು ಕಮರುನ್ನೀಸಾ ನಡುವೆ ಕೈ ಚಾಚಿದರು. ಸುಭದ್ರಮ್ಮನವರ ಮುಖ ಕೆಂಪಾಗಿತ್ತು. ಇಷ್ಟು ಸಣ್ಣ ವಿಷಯಕ್ಕೆ ಚೀಲ ಎತ್ತಿಕೊಂಡು ನಿಂತೇಬಿಟ್ಟರು.

ಮುನಿನಾರಾಯಣಪ್ಪ ನನ್ನ ಕಡೆ ತಿರುಗಿದರು. "ನೀನೇಳಪ್ಪ. ಅಂಗಡಿ ನಿಂದು. ತೆಗೀತಾಳೋ ಇಲ್ವೋ?"

ತೆಗೆಯಲ್ಲ ಯಜಮಾನ್ರೆ ಅಂದೆ. ಬಾಯಿಂದ ಹಾಗೇ ಬಂತು. ನಿಜ ಹೇಳಿದರೆ ಇಷ್ಟು ವರ್ಷ ಇವರಿಗೆ ಕೊಟ್ಟಿದ್ದೆಲ್ಲ ಅರ್ಧಂಬರ್ಧ ಎಂದಾಗುತ್ತಿತ್ತು.

ಮುನಿನಾರಾಯಣಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಸುಭದ್ರಮ್ಮ ಅದೇ ಕ್ಯಾಸೆಟ್ ಕೇಳಿ ಒಯ್ದರು.

27 ಜನವರಿ, ಭಾನುವಾರ

ಮುನಿನಾರಾಯಣಪ್ಪ ಬರಲಿಲ್ಲ. ಇಬ್ಬರು ಹೆಂಗಸರೂ ಬೇಗ ಎದ್ದರು.

5 ಫೆಬ್ರವರಿ

ಏನಿಲ್ಲ. ಹಳೆಯ ಕ್ಯಾಸೆಟ್ಟುಗಳ ಧೂಳು ಹೊಡೆದೆ. ಕೊಳ್ಳುವವರಿಲ್ಲ.

12 ಫೆಬ್ರವರಿ, ಮಂಗಳವಾರ

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಮೂವತ್ತಮೂರು, ಮೂವತ್ತನಾಲ್ಕು ಇರಬಹುದು. ಕ್ಯಾಸೆಟ್ ನೋಡುವವಳಂತೆ ಸಾಲುಗಳನ್ನು ನೋಡಿದಳು, ಒಂದನ್ನೂ ಮುಟ್ಟಲಿಲ್ಲ. "ಅಣ್ಣ, ಸುಭದ್ರಮ್ಮ ಅಂತ ಒಬ್ರು ಭಾನುವಾರ ಇಲ್ಲಿಗೆ ಬರ್ತಾರಲ್ಲ, ಹೇಗಿದಾರೆ?" ಅಂದಳು.

ಚೆನ್ನಾಗಿದ್ದಾರೆ ಅಂದೆ. ನೀವು ಯಾರು ಅಂದೆ.

"ಮಗಳು. ಹಂಸ."

ಸುಭದ್ರಮ್ಮನವರಿಗೆ ಮಗಳಿದ್ದಾಳೆಂಬುದೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಭಾನುವಾರ ಭಾನುವಾರ ಬಂದು ಕೂತವರು ಒಂದು ದಿನವೂ ಹೆಸರೆತ್ತಿರಲಿಲ್ಲ.

ಸ್ಟೂಲು ಕೊಟ್ಟೆ, ಕೂತಳು. ಪಕ್ಕದ ಬೀದಿಯ ಅರುಳ್ ಎಂಬವನನ್ನು ಕಟ್ಟಿಕೊಂಡು 1990ರಲ್ಲಿ ಮನೆ ಬಿಟ್ಟಳಂತೆ. ಅವನ ಮನೆಯವರು ಕ್ರಿಶ್ಚಿಯನ್ನರು, ತಮಿಳು ಮಾತಾಡುವವರು. ಅವನು ಕೆ.ಆರ್. ಪುರದ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್. ಮೂರು ತಿಂಗಳಿಗೆ ಇವಳ ತಂದೆ ತೀರಿಕೊಂಡರು. ಸುದ್ದಿ ಇವಳಿಗೆ ಮುಟ್ಟಿದ್ದೇ ಹದಿನೈದು ದಿನ ಕಳೆದ ಮೇಲೆ. ಓಡಿ ಬಂದು ಬಾಗಿಲು ತಟ್ಟಿದಳು. ತೆಗೆಯಲಿಲ್ಲ. ಆಮೇಲೆ ಪ್ರತಿ ಯುಗಾದಿಗೆ, ಪ್ರತಿ ದೀಪಾವಳಿಗೆ ಬಂದು ತಟ್ಟಿ ಹೋಗುತ್ತಾಳೆ.

"ಒಂದೇ ಒಂದು ಸಲ ಒಳಗಿಂದ ಮಾತಾಡಿದ್ರು ಅಣ್ಣ. ಆ ಸಿನಿಮಾದಲ್ಲಿ ಆಯಮ್ಮ ತೆಗೀಲಿಲ್ಲ, ನಾನ್ಯಾಕೆ ತೆಗೀಲಿ, ಹೋಗು ಅಂದ್ರು. ಯಾವ ಸಿನಿಮಾನೋ ಏನೋ. ನಿಮ್ಮ ಅಂಗಡಿಯಿಂದ ತಗೊಂಡು ಹೋಗ್ತಾರೆ ಅಂತ ಅಕ್ಕಪಕ್ಕದವರು ಹೇಳಿದ್ರು."

ಎದುರಿಗೆ ಹಣ್ಣಿನ ಗಾಡಿಯವನು ಸೀಬೆಹಣ್ಣು ಒಂದೊಂದಾಗಿ ಒರೆಸಿ ಇಡುತ್ತಿದ್ದ.

ಅರುಳನಿಗೆ ತಿರುಚಿನಾಪಳ್ಳಿಗೆ ವರ್ಗವಾಗಿದೆ. ಏಪ್ರಿಲ್ ಎರಡಕ್ಕೆ ಹೊರಡುತ್ತಾರೆ. "ಹೋಗೋಕ್ಕೆ ಮುಂಚೆ ಒಂದ್ಸಲ ತಟ್ತೀನಿ. ಆಮೇಲೆ ಬರಲ್ಲ ಅಣ್ಣ. ಸಾಕಾಗಿದೆ ನನಗೂ" ಅಂದಳು. ಅಳಲಿಲ್ಲ.

13 ಫೆಬ್ರವರಿ

ಅಂಗಡಿ ತೆರೆಯಲಿಲ್ಲ. ಮೈಯಲ್ಲಿ ಹುಷಾರಿಲ್ಲವೆಂದು ರೇವತಿಗೆ ಹೇಳಿದೆ.

15 ಫೆಬ್ರವರಿ, ಶುಕ್ರವಾರ

ರೇವತಿ ಗಾರ್ಮೆಂಟ್ಸಿನಿಂದ ಬಂದು ಮೆಂತ್ಯದ ಸೊಪ್ಪು ಸೋಸುತ್ತಾ ಕೂತಿದ್ದಳು. ಎಲ್ಲ ಹೇಳಿಬಿಟ್ಟೆ. ಲಿಂಗಸುಗೂರಿನ ಮಾತು ಅವಳ ಬಾಯಲ್ಲಿ ಇನ್ನೂ ಹಾಗೇ ಇದೆ. "ಹೋಗಿ ಹೇಳಿಬಿಡ್ರಿ. ಹೊಟ್ಯಾಗ ಇಟ್ಕೊಂಡು ಏನ್ ಮಾಡ್ತೀರಿ?" ಅಂದಳು.

"ಬರೇ ಹೇಳಿದ್ರ ನಂಬ್ತಾಳೇನ? ಮುನಿನಾರಾಯಣಪ್ಪ ಹೇಳಿದ್ದಕ್ಕ ಹೆಂಗ ಕುಣದ್ಲು ನೋಡ್ಬೇಕಿತ್ತು ನೀ. ತೋರಿಸಬೇಕು" ಅಂದೆ. ಅವಳ ಜೊತೆ ನನ್ನ ಬಾಯಲ್ಲೂ ಅವಳ ಊರಿನ ಮಾತೇ.

"ತೋರಿಸ್ರಿ ಹಂಗಾರ."

ಅವಳು ಸೊಪ್ಪು ಸೋಸಿ ಮುಗಿಸುವವರೆಗೆ ಅಲ್ಲೇ ಕೂತಿದ್ದೆ. ಕಡ್ಡಿಗಳನ್ನು ಒಂದು ಕಡೆ, ಎಲೆಗಳನ್ನು ಒಂದು ಕಡೆ ಮಾಡುತ್ತಾಳೆ. ಹಳದಿ ಎಲೆ ಬಂದರೆ ಒಂದು ಕ್ಷಣ ಬೆಳಕಿಗೆ ಹಿಡಿದು ನೋಡಿ ಆಮೇಲೆ ಎಸೆಯುತ್ತಾಳೆ. ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಇದನ್ನು ನೋಡಿರಲಿಲ್ಲ.

24 ಫೆಬ್ರವರಿ, ಭಾನುವಾರ

ವಾರವೆಲ್ಲ ಹುಡುಕಿದೆ. ನಾನು ಯಾವ ಕ್ಯಾಸೆಟ್ಟಿನಿಂದ ಇಳಿಸಿಕೊಂಡೆನೋ ಅದರ ಒಡೆಯ ಬೆನ್ಸನ್ ಟೌನಿನಲ್ಲಿದ್ದ. ಅವನ ಮನೆಯವರು ಅದರ ಮೇಲೆ ಮಗನ ಮದುವೆ ತುಂಬಿಸಿದ್ದಾರೆ. ಹಾಕಿ ತೋರಿಸಿದರು. ತಾಳಿ ಕಟ್ಟುವುದು, ಊಟದ ಪಂಕ್ತಿ, ಅಷ್ಟೇ. ಶಿವಾಜಿನಗರದ ಗುಜರಿ ಸಾಲಿನಲ್ಲಿ ಎರಡು ದಿನ ಅಲೆದೆ. ಕ್ಯಾಸೆಟ್ಟುಗಳನ್ನು ಒಡೆದು ಪ್ಲಾಸ್ಟಿಕ್ಕನ್ನು ಒಂದು ಕಡೆ, ಟೇಪನ್ನು ಒಂದು ಕಡೆ ಗುಡ್ಡೆ ಹಾಕಿದ್ದರು. ಒಬ್ಬ ಮುದುಕ ಟೇಪಿನ ಗುಡ್ಡೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಇಷ್ಟೆಲ್ಲ ಸಿನಿಮಾ ಅವನ ಕೆಳಗಿತ್ತು.

ಮಧ್ಯಾಹ್ನ ಸುಭದ್ರಮ್ಮ ಬಂದಿದ್ದರು. ಮುಖ ಎತ್ತಿ ಮಾತಾಡಿಸಲು ನನ್ನಿಂದಾಗಲಿಲ್ಲ. "ಏನೋ ಕಾಂತ, ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದರು.

3 ಮಾರ್ಚ್, ಭಾನುವಾರ

ಬೆನ್ನಿಗಾನಹಳ್ಳಿಗೆ ಹೋದೆ. ಮುನಿನಾರಾಯಣಪ್ಪ ಜಗಲಿಯ ಮೇಲಿದ್ದರು. ಬಾ ಎನ್ನಲಿಲ್ಲ. ಅವರ ಹೆಂಡತಿ ಗಂಗಲಕ್ಷ್ಮಮ್ಮನವರೇ ಚಾಪೆ ಹಾಸಿದರು.

ನಿಂತುಕೊಂಡೇ ಹೇಳಿದೆ. ನೀವು ಹೇಳಿದ್ದೇ ಸರಿ ಯಜಮಾನ್ರೆ, ಕೊನೇನ ನಾನೇ ತೆಗೆದಿದ್ದು, ಎಲ್ಲರ ಮುಂದೆ ನಿಮ್ಮನ್ನ ಸುಳ್ಳರನ್ನಾಗಿ ಮಾಡಿದೆ.

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಒಂದು ತಿಂಗ್ಳು ನಂಗೇ ಅನುಮಾನ ಬಂದ್ಬುಟ್ಟಿತ್ತು ಕಣಪ್ಪ. ತಲೆ ಕೆಟ್ಟೋಯ್ತಾ ಅಂತ. ಇವಳ ಮದ್ವೆ ಆದಿದ್ದು ನೆಪ್ಪೈತಾ, ನಮ್ಮಪ್ಪ ಸತ್ತಿದ್ದು ನೆಪ್ಪೈತಾ ಅಂತ ಕೂತ್ಕೊಂಡು ಒಂದೊಂದೇ ನೆಪ್ಪು ಮಾಡ್ಕೋತಿದ್ದೆ."

ಹಂಸಳ ವಿಷಯ ಹೇಳಿದ ಮೇಲೆ ಅವರ ಸಿಟ್ಟು ಇಳಿಯಿತು. ಗಂಗಲಕ್ಷ್ಮಮ್ಮನವರ ತಂಗಿ ಮಾರಕ್ಕ ಹೊಸಕೋಟೆಯಲ್ಲಿದ್ದಾರೆ. ಟಿ.ವಿ.ಯಲ್ಲಿ ಬಂದ ಹಳೆಯ ಸಿನಿಮಾಗಳನ್ನೆಲ್ಲ ಜಾಹೀರಾತಿನ ಸಮೇತ ತುಂಬಿಟ್ಟುಕೊಳ್ಳುವುದು ಅವರ ಹುಚ್ಚಂತೆ. ಅಲ್ಲಿ ಇದ್ದರೂ ಇರಬಹುದು ಅಂದರು.

11 ಮಾರ್ಚ್, ಸೋಮವಾರ

ಸಿಕ್ಕಿತು. ಮುನಿನಾರಾಯಣಪ್ಪನವರು ತಾವೇ ಹೊಸಕೋಟೆಯ ಬಸ್ಸು ಹತ್ತಿ ಹೋಗಿ ತಂದರು.

ಅಂಗಡಿಯ ಶಟರ್ ಅರ್ಧ ಎಳೆದು ಆ ಆರು ನಿಮಿಷ ನೋಡಿದೆ. ಹಿಂದೆ ಗುಂಡಿ ಒತ್ತಿ ಓಡಿಸಿದ್ದೆನೇ ಹೊರತು ನೋಡಿರಲಿಲ್ಲ. ಹೊರಗೆ ತಟ್ಟುವ ಸದ್ದು. ತಾಯಿ ನೆಲದ ಮೇಲೆ ಕೂತಿದ್ದಾಳೆ. ಏಳುತ್ತಾಳೆ, ಮತ್ತೆ ಕೂರುತ್ತಾಳೆ. ಅನ್ನದ ಪಾತ್ರೆಗೆ ತಟ್ಟೆ ಮುಚ್ಚುತ್ತಾಳೆ. ಹಗ್ಗದ ಮೇಲಿದ್ದ ಸೀರೆ ತೆಗೆದು ಮಡಚುತ್ತಾಳೆ, ಅಂಚು ಸರಿಬರಲಿಲ್ಲವೆಂದು ಬಿಡಿಸಿ ಮತ್ತೆ ಮಡಚುತ್ತಾಳೆ. ಬಾಗಿಲವರೆಗೆ ಹೋಗಿ ಅಗುಳಿಯ ಮೇಲೆ ಕೈಯಿಡುತ್ತಾಳೆ. ವಾಪಸು ಬಂದು ಚೊಂಬಿನ ನೀರಲ್ಲಿ ಕೈ ತೊಳೆಯುತ್ತಾಳೆ. ಹಾಡಿಲ್ಲ, ಮಾತಿಲ್ಲ. ಆಮೇಲೆ ಒದ್ದೆ ಕೈಯಲ್ಲೇ ಬಾಗಿಲು ತೆಗೆಯುತ್ತಾಳೆ. ಮಗಳು ಆಗಲೇ ಮೆಟ್ಟಿಲಿಳಿದಿದ್ದಾಳೆ. ತಾಯಿ ಕರೆಯುವುದಿಲ್ಲ, ಕೈ ಮಾತ್ರ ಚಾಚುತ್ತಾಳೆ. ಮಗಳು ಹತ್ತಿ ಬಂದು ಕೂಸನ್ನು ಆ ಕೈಗೆ ಕೊಡುತ್ತಾಳೆ.

ಏಳು ಸಲ ನೋಡಿದೆ. ಒಂದು ಸೆಕೆಂಡ್ ಕೂಡ ತೆಗೆಯುವಂಥದ್ದಲ್ಲ.

ಇಂಥದ್ದನ್ನು ಇನ್ನೆಷ್ಟು ತೆಗೆದಿದ್ದೇನೆಯೋ ಎಂದು ಅಟ್ಟದ ಸಾಲುಗಳನ್ನು ಎಣಿಸಲು ಹೊರಟು ಅರ್ಧಕ್ಕೆ ಬಿಟ್ಟೆ.

17 ಮಾರ್ಚ್, ಭಾನುವಾರ

ಮುನಿನಾರಾಯಣಪ್ಪ ಬಂದರು. ಏನೂ ಆಗದವರಂತೆ ಸುಭದ್ರಮ್ಮನವರ ಪಕ್ಕ ಕೂತರು, ಅವರೂ ಜರುಗಿ ಜಾಗ ಕೊಟ್ಟರು. ಈ ವಾರ ನೋಡಿದ ಪೌರಾಣಿಕ ಚಿತ್ರದ ರಥಕ್ಕೆ ಲಾರಿಯ ಟೈರು ಕಾಣುತ್ತಿತ್ತೆಂದು ಮೂವರೂ ನಕ್ಕರು. ಕಮರುನ್ನೀಸಾ ಖರ್ಜೂರ ತಂದಿದ್ದರು, ಬೀಜವನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು, ನೆಲಕ್ಕೆ ಹಾಕಲಿಲ್ಲ. ಐದು ಗಂಟೆಯ ಬಿಸಿಲು ಬೆಂಚಿನ ಕಾಲಿನ ತನಕ ಬಂದು ನಿಂತಿತ್ತು. ಇನ್ನೆರಡು ಭಾನುವಾರ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ.

21 ಮಾರ್ಚ್, ಗುರುವಾರ

ಕೆ.ಆರ್. ಪುರಕ್ಕೆ ಹೋಗಿ ಹಂಸಳಿಗೆ ಹೇಳಿ ಬಂದೆ. ಕ್ಯಾಸೆಟ್ಟಿನ ಕತೆ ಪೂರ್ತಿ ಹೇಳಿದೆ. ಅವಳು ಬಯ್ಯುತ್ತಾಳೆಂದುಕೊಂಡಿದ್ದೆ, ಬಯ್ಯಲಿಲ್ಲ. "ಹಾಗಾದ್ರೆ ಆಯಮ್ಮ ತೆಗೀತಾಳಾ?" ಎಂದು ಎರಡು ಸಲ ಕೇಳಿದಳು.

ಯೋಜನೆ ನನ್ನದೇ. ಶನಿವಾರ ಮೂವತ್ತಕ್ಕೆ ಮಧ್ಯಾಹ್ನ ಸುಭದ್ರಮ್ಮನವರ ಮನೆಗೆ ಹೋಗಿ ಸಿನಿಮಾ ಹಾಕುತ್ತೇನೆ. ಐದು ಗಂಟೆಗೆ ಮುಗಿಯುತ್ತದೆ. ಹಂಸ ಐದೂಕಾಲಿಗೆ ಬಂದು ಬಾಗಿಲು ತಟ್ಟಬೇಕು. ಸಿನಿಮಾದ ತಾಯಿ ಕೈಚಾಚಿದ್ದು ಸುಭದ್ರಮ್ಮನವರ ಕಣ್ಣಲ್ಲಿ ಇನ್ನೂ ಆರಿರುವುದಿಲ್ಲ, ತೆಗೆದೇ ತೆಗೆಯುತ್ತಾರೆ. ರೇವತಿಗೆ ಹೇಳಿದರೆ ಹೂಂ ಅನ್ನಲಿಲ್ಲ. "ನೀವು ಮತ್ತ ಜೋಡಸಾಕ ಹೊಂಟೀರಿ" ಅಂದಳು.

30 ಮಾರ್ಚ್, ಶನಿವಾರ

ಆಗಿದ್ದನ್ನು ಆದ ಹಾಗೆ ಬರೆಯಬೇಕು, ಏನನ್ನೂ ಬಿಡಬಾರದು.

ಎರಡೂವರೆಗೆ ಹೋದೆ. ಒಂದೇ ಕೋಣೆ, ಹಿಂದೆ ಅಡುಗೆಯ ಜಾಗ. ಟಿ.ವಿ. ಮೇಲೆ ಕೈಯಲ್ಲಿ ಹೆಣೆದ ಬಟ್ಟೆ. ಗೋಡೆಯ ಮೇಲೆ ಗಂಡನ ಫೋಟೋ ಒಂದೇ. ಒಂದು ಒಳ್ಳೆ ಕಾಪಿ ಸಿಕ್ಕಿದೆಯಮ್ಮ ಅಂದೆ. "ಹಾಕು" ಅಂದರು. ಜಾಹೀರಾತು ಬಂದಾಗ ಓಡಿಸಲು ಕೈಚಾಚಿದೆ. "ಇರಲಿ ಬಿಡು, ನಿನಗೇನು ಅರ್ಜೆಂಟು?" ಎಂದರು. ಸೋಪಿನ ಜಾಹೀರಾತು, ಬಿಸ್ಕತ್ತಿನ ಜಾಹೀರಾತು ಎಲ್ಲ ನೋಡಿದೆವು.

ಕೊನೆ ಬಂತು. ತಾಯಿ ಸೀರೆ ಮಡಚಿದಳು, ಬಿಡಿಸಿದಳು, ಕೈ ತೊಳೆದಳು, ಬಾಗಿಲು ತೆಗೆದಳು. ನಾನು ಪರದೆಯನ್ನಲ್ಲ, ಸುಭದ್ರಮ್ಮನವರ ಮುಖವನ್ನು ನೋಡುತ್ತಿದ್ದೆ. ಏನೂ ಕಾಣಲಿಲ್ಲ.

ಅಮ್ಮ, ತಪ್ಪು ನನ್ನದು ಅಂದೆ. ಟೇಪು ಸಾಲಲಿಲ್ಲ ಅಂತ ನಾನೇ ಕತ್ತರಿಸಿದ್ದು. ಆಯಮ್ಮ ತೆಗೀತಾಳೆ.

"ಗೊತ್ತು ಕಾಂತ."

ನನಗೆ ಅರ್ಥವಾಗಲಿಲ್ಲ.

"ಎಪ್ಪತ್ಮೂರರಲ್ಲಿ ನಾನೂ ನೋಡಿದ್ದೆ. ನಾಕು ಸಲ. ಹಂಸ ಐದು ವರ್ಷದವಳು, ತೊಡೆ ಮೇಲೆ ಕೂತಿದ್ಳು. ಆ ಯಜಮಾನ್ರು ಹೇಳಿದ್ದೇ ಸರಿ." ಮಗಳ ಹೆಸರು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. "ಅವಳು ಹೋದ ಮೇಲೆ ನಮ್ಮನೆಯವರು ದಿನಾ ಸಾಯಂಕಾಲ ಹೊಸಿಲ ಮೇಲೆ ಕೂತ್ಕೊಳ್ಳೋರು. ಬರ್ತಾಳೆ ಸುಭದ್ರ, ಇವತ್ತಲ್ಲ ನಾಳೆ ಬರ್ತಾಳೆ. ಮೂರು ತಿಂಗಳು. ಬರಲಿಲ್ಲ. ಅವರನ್ನ ಮಣ್ಣು ಮಾಡಿದ ಮೇಲೆ ಬಂದ್ಳು."

ಅವಳಿಗೆ ಸುದ್ದಿ ಮುಟ್ಟಿರಲಿಲ್ಲವಂತೆ ಅಮ್ಮ ಅಂದೆ.

"ಇರಬಹುದು." ಸೆರಗಿನಿಂದ ಮೊಣಕಾಲು ಒರೆಸಿಕೊಂಡರು. "ಆ ವರ್ಷ ನಿನ್ನ ಹತ್ರ ಬಂದು ಈ ಕ್ಯಾಸೆಟ್ ಕೇಳಿದ್ದು ಯಾಕೆ ಅಂದ್ಕೊಂಡೆ? ನನ್ನಷ್ಟಕ್ಕೆ ನನಗೆ ಬಾಗಿಲು ತೆಗೆಯೋಕೆ ಆಗ್ತಾ ಇರ್ಲಿಲ್ಲ. ಅವಳು ತೆಗೆಯೋದನ್ನ ನೋಡ್ತೀನಿ, ನೋಡಿ ಅಳ್ತೀನಿ, ಅತ್ತಾದ ಮೇಲೆ ಎದ್ದು ಹೋಗಿ ಮಗಳನ್ನ ಕರ್ಕೊಂಡು ಬರ್ತೀನಿ ಅಂತ ಗಟ್ಟಿ ಮಾಡ್ಕೊಂಡು ಕೂತೆ. ಕಾಯ್ತಾ ಇದೀನಿ, ಕಾಯ್ತಾ ಇದೀನಿ. ಶುಭಂ ಅಂತ ಬಂದ್ಬಿಡ್ತು."

ನಾನು ಕೈಚಾಚಿ ಟಿ.ವಿ. ಆರಿಸಿದೆ.

"ಸರಿ, ದೇವರೇ ಬೇಡ ಅಂದ ಅಂದ್ಕೊಂಡೆ. ಆಮೇಲೆ ಅದೇ ಹಿತವಾಯ್ತು ನನಗೆ. ಎಲ್ಲಾ ಸಿನಿಮಾದಲ್ಲೂ ತಾಯಂದಿರು ತೆಗೀತಾರೆ. ತೆಗೀಲೇಬೇಕು. ಇದರಲ್ಲಿ ಒಬ್ಬಳಾದ್ರೂ ನನ್ನ ಜೊತೆ ಇದ್ಳು."

ದೇವರಲ್ಲ ಅಮ್ಮ, ನಾನು ಅಂದೆ. ಅವರು ನಕ್ಕಂತೆ ಕಂಡಿತು. "ಅದೂ ಗೊತ್ತಾಯ್ತು, ಆವತ್ತು ಅವರು ಕೇಳಿದಾಗ ನಿನ್ನ ಮುಖ ನೋಡಿ. ಹೋಗಲಿ. ಈಗ ತಂದು ತೋರಿಸಿದೀಯ. ಹನ್ನೆರಡು ವರ್ಷ ಆಯ್ತಲ್ಲೋ ಕಾಂತ, ಈಗ ತೆಗೆದು ನಾನೇನು ಹೇಳ್ಲಿ ಅವಳಿಗೆ?"

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಐದೂಕಾಲು. ನಾನು ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದಳು. ಬೇಡ ಎಂದು ಹೇಳಿಕಳಿಸಲು ನನಗೆ ದಾರಿಯಿರಲಿಲ್ಲ. ಸುಭದ್ರಮ್ಮ ನನ್ನ ಕಡೆ ನೋಡಿದರು. ಎಲ್ಲ ತಿಳಿಯಿತು ಅವರಿಗೆ.

"ಕೂತ್ಕೋ" ಅಂದರು ಮೆಲ್ಲಗೆ. ನಾನು ಎದ್ದೇ ಇರಲಿಲ್ಲ.

"ಅಮ್ಮಾ." ಹೊರಗಿನ ದನಿ. "ಅಮ್ಮಾ, ಮಂಗಳವಾರ ಹೊರಡ್ತಾ ಇದೀವಿ."

ತಟ್ಟುವುದು ನಿಂತಿತು, ಮತ್ತೆ ಶುರುವಾಯಿತು. ಸುಭದ್ರಮ್ಮ ಒಂದು ಕೈಯಿಂದ ಇನ್ನೊಂದು ಕೈಯ ಬಳೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತಿದ್ದರು. ಅಡುಗೆ ಜಾಗದ ಕಡೆ ಒಂದು ಸಲ ನೋಡಿದರು. "ಕಾಫಿ ಕುಡೀತೀಯಾ?" ಎಂದು ಪಿಸುಗುಟ್ಟಿದರು. ಬೇಡ ಎಂದು ತಲೆಯಾಡಿಸಿದೆ. ಅವರೂ ಏಳಲಿಲ್ಲ. ಬಾಗಿಲಿಗೆ ನಾನೇ ಹತ್ತಿರ ಕೂತಿದ್ದೆ, ಎದ್ದರೆ ಮೂರು ಹೆಜ್ಜೆ. ಅದು ಅವರ ಮನೆ, ಅವರ ಬಾಗಿಲು, ತೆಗೆಯುವುದು ನನ್ನ ಕೆಲಸವಲ್ಲ ಎಂದುಕೊಂಡೆ. ಹಾಗೆ ಬರೆದರೆ ಸುಳ್ಳಾಗುತ್ತದೆ. ಹೆದರಿದೆ. ತೆಗೆದ ಮೇಲೆ ಆ ಇಬ್ಬರೂ ಒಬ್ಬರನ್ನೊಬ್ಬರು ನೋಡುವುದನ್ನು ನೋಡಲಾರೆ ಎನಿಸಿತು.

ತಟ್ಟಿದಳು, ತಟ್ಟಿದಳು. ಆಮೇಲೆ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ, ಆದರೆ ಹೋದ ಸದ್ದೂ ಬರಲಿಲ್ಲ. ಆಮೇಲೆ ಗಲ್ಲಿಯಲ್ಲಿ ಹೆಜ್ಜೆ.

"ಹೋದ್ಳು" ಅಂದರು ಸುಭದ್ರಮ್ಮ. "ನೀನೂ ಹೋಗು. ಹಳೇ ಕ್ಯಾಸೆಟ್ ಇಲ್ಲೇ ಇರಲಿ. ಇದನ್ನ ತಗೊಂಡು ಹೋಗು."

31 ಮಾರ್ಚ್, ಭಾನುವಾರ

ಸುಭದ್ರಮ್ಮ ಬರಲಿಲ್ಲ. ಉಳಿದಿಬ್ಬರು ಏನಾಯಿತು ಎಂದರು. ಹೇಳಿದೆ. ಯಾರೂ ಯಾವ ಸಿನಿಮಾದ ಮಾತೂ ಎತ್ತಲಿಲ್ಲ. ಬೆಂಚನ್ನು ಮುನಿನಾರಾಯಣಪ್ಪನವರು ತಮ್ಮ ಜಗಲಿಗೆ ಒಯ್ಯುತ್ತಾರಂತೆ.

1 ಏಪ್ರಿಲ್, ಸೋಮವಾರ

ಕಟ್ಟಡದ ಯಜಮಾನರು ಎರಡು ದಿನ ಹೆಚ್ಚು ಕೊಟ್ಟಿದ್ದಾರೆ. ಕ್ಯಾಸೆಟ್ಟುಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆ. ಹಂಸ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು.

ಕೆಲಸ ಆಗಲಿಲ್ಲ ಅಮ್ಮ ಅಂದೆ. ನಾನು ಶನಿವಾರ ನಿಮ್ಮಮ್ಮನ ಮನೆಗೆ ಹೋಗೋಕೆ ಆಗಲಿಲ್ಲ, ಇಲ್ಲೇ ಸಿಕ್ಕಿಹಾಕ್ಕೊಂಡೆ ಅಂದೆ. ಯಾಕೆ ಹಾಗೆ ಹೇಳಿದೆನೋ ನನಗೇ ತಿಳಿಯದು.

"ನಿಮ್ಮ ಚಪ್ಪಲಿ ಹೊರಗಿತ್ತು ಅಣ್ಣ" ಅಂದಳು.

ನಾನು ಚೀಲದ ಬಾಯಿ ಹಿಡಿದುಕೊಂಡು ನಿಂತಿದ್ದೆ.

"ಪ್ರತಿ ಸಲ ಮೂರು ಸಾರಿ ತಟ್ಟಿ ಹೋಗಿಬಿಡ್ತಿದ್ದೆ. ಈ ಸಲ ಒಳಗೆ ಅಮ್ಮನ ಜೊತೆ ಇನ್ನೊಬ್ಬರಿದಾರೆ ಅಂತ ಅಷ್ಟು ಹೊತ್ತು ತಟ್ಟಿದೆ."

ಬೇರೇನೂ ಕೇಳಲಿಲ್ಲ. ಬರ್ತೀನಿ ಅಣ್ಣ ಅಂದು, ಕೆ.ಆರ್. ಪುರದ ಬಸ್ಸು ಬಂತೆಂದು ಓಡಿದಳು.